ಮಂಗಳವಾರ ಮೂರು ಗಂಟೆ

ಜಯತೀರ್ಥನಿಗೆ ಕೋಚ್ ಡೋಲನ್ ಮೇಲೆ ಅನುಮಾನ ಹುಟ್ಟಿದ್ದು ಫೋನಿನಲ್ಲಿ ಬಂದ ಒಂದೇ ಒಂದು ಪ್ರಶ್ನೆಯಿಂದ. ಅದು 1975ರ ಮಾರ್ಚ್, ಶುಕ್ರವಾರ ಬೆಳಿಗ್ಗೆ.

"ಪ್ರೊಫೆಸರ್, ಬರೋ ಮಂಗಳವಾರ ಒಳ್ಳೇ ಟೈಮ್ ಯಾವುದು? ನಿಮ್ಮ ಕ್ಯಾಲೆಂಡರ್ ನೋಡಿ ಹೇಳ್ತೀರಾ?"

ಪ್ರಶ್ನೆ ಹೊಸದೇನಲ್ಲ. ಅಮೆರಿಕದ ಪಿಸ್ಕಾಟವೇ ಊರಿನಿಂದ ಅರ್ಧ ಗಂಟೆ ದೂರದ ಆ ಸಣ್ಣ ಕಾಲೇಜಿನಲ್ಲಿ ಜಯತೀರ್ಥ ಸ್ಟ್ಯಾಟಿಸ್ಟಿಕ್ಸ್ ಮೇಷ್ಟ್ರು. ಸಂಜೆಯಾದರೆ ಬ್ಯಾಸ್ಕೆಟ್‌ಬಾಲ್ ತಂಡದ ಬೆಂಚಿನ ತುದಿಯಲ್ಲಿ ಕೂತು, ಯಾರು ಎಲ್ಲಿಂದ ಚೆಂಡು ಎಸೆದರು, ಬಿತ್ತೋ ಇಲ್ಲವೋ ಎಂದು ಗುರುತು ಹಾಕುವ ಬಿಟ್ಟಿ ಕೆಲಸ. ಎರಡು ವರ್ಷದ ಹಿಂದೆ ಒಂದು ಮಂಗಳವಾರ ಮೂರೂವರೆಗೆ ಹೊರಟ ತಂಡದ ಬಸ್ಸು ಹೈವೇ ಮೇಲೆ ಕೆಟ್ಟು ನಿಂತಿತ್ತು. "ರಾಹುಕಾಲದಲ್ಲಿ ಹೊರಟರೆ ಇನ್ನೇನಾಗುತ್ತೆ" ಎಂದು ಇವನು ಗೊಣಗಿದ. ಡೋಲನ್ ಬೆನ್ನು ಬಿಡದೆ ಕೇಳಿ ತಿಳಿದುಕೊಂಡ: ದಿನಕ್ಕೆ ಒಂದೂವರೆ ಗಂಟೆ ಕೆಟ್ಟ ಹೊತ್ತು, ಆಗ ಯಾವ ಒಳ್ಳೆಯ ಕೆಲಸವನ್ನೂ ಶುರು ಮಾಡಬಾರದು. ಆಮೇಲಿಂದ ಬಸ್ಸು ರಾಹುಕಾಲ ತಪ್ಪಿಸಿಯೇ ಹೊರಟಿತು, ಪರ ಊರಿನ ಐದು ಆಟ ಸಾಲಾಗಿ ಗೆದ್ದರು. ಸ್ಟ್ಯಾಟಿಸ್ಟಿಕ್ಸ್ ಕಲಿಸುವವನಿಗೆ ನಾಚಿಕೆಯಾಗಬೇಕಿತ್ತು. ಎಲ್ಲಿಯ ನಾಚಿಕೆ, ಒಳಗೊಳಗೇ ಹಿಗ್ಗಿಹೋದ.

ಆದರೆ ಈಗ ಸೀಸನ್ ಮುಗಿದು ವಾರವಾಗಿದೆ. ಬಸ್ಸಿಲ್ಲ, ಆಟವಿಲ್ಲ. ಒಳ್ಳೆಯ ಹೊತ್ತು ಯಾತಕ್ಕಪ್ಪಾ ಈ ಮಹಾರಾಯನಿಗೆ?

"ಏನು ವಿಶೇಷ, ಕೋಚ್?"

"ಆದಮೇಲೆ ಹೇಳ್ತೀನಿ. ಕೆಲಸ ಆಗೋಕೆ ಮುಂಚೆ ಬಾಯಿ ಬಿಡಬಾರದು ಅಂತ ಹೇಳಿಕೊಟ್ಟಿದ್ದು ನೀವೇ ತಾನೇ?" ಡೋಲನ್ ನಕ್ಕ.

ಸಂಜೆ ನೋಡಿ ಹೇಳುತ್ತೇನೆಂದು ಜಯತೀರ್ಥ ಫೋನಿಟ್ಟ. ಡೋಲನ್ ಕಾಲೇಜು ಬಿಟ್ಟು ಹೊರಟಿದ್ದಾನೇನೋ ಎಂಬ ಭಯ ಹತ್ತಿತ್ತು. ಕಾರಣ, ಸುಬ್ಬು.

ಸುಬ್ಬು ಅವನ ಹೆಂಡತಿ ನಿರುಪಮಾಳ ತಮ್ಮ, ಆರಡಿ ಐದಿಂಚಿನ ಆಳು. ಮೈಸೂರಿನಲ್ಲಿ ಆಡುತ್ತಿದ್ದವನನ್ನು ಜಯತೀರ್ಥನ ಮಾತು ನಂಬಿ ಡೋಲನ್ ಸ್ಕಾಲರ್‌ಶಿಪ್ ಕೊಟ್ಟು ಕರೆಸಿಕೊಂಡಿದ್ದ. ಆ ಸ್ಕಾಲರ್‌ಶಿಪ್ ಮುಂದುವರಿಯಬೇಕಾದರೆ ವರ್ಷ ವರ್ಷವೂ ಕೋಚ್ ಬರೆದುಕೊಡಬೇಕು. ಓದು ಇನ್ನೂ ಎರಡು ವರ್ಷ ಬಾಕಿ. ಸ್ಕಾಲರ್‌ಶಿಪ್ ನಿಂತರೆ ಓದು ನಿಂತಿತು, ಓದು ನಿಂತರೆ ವೀಸಾ ಹೋಯಿತು, ಡಿಗ್ರಿಯಿಲ್ಲದೆ ಬರಿಗೈಯಲ್ಲಿ ಮೈಸೂರಿಗೆ ವಾಪಸ್ಸು. ಹೋದ ವರ್ಷ ಪಕ್ಕದೂರಿನ ಕಾಲೇಜಿನ ಕೋಚ್ ಶುಕ್ರವಾರ "ನಾನೆಲ್ಲಿಗೂ ಹೋಗಲ್ಲ" ಎಂದವನು ಸೋಮವಾರದ ಹೊತ್ತಿಗೆ ದೊಡ್ಡ ಯೂನಿವರ್ಸಿಟಿಗೆ ಹಾರಿದ್ದ. ಅವನ ಜಾಗಕ್ಕೆ ಬಂದವನು ತನ್ನ ಹುಡುಗರನ್ನು ತುಂಬಿಕೊಂಡು ಹಳೇ ನಾಲ್ವರನ್ನು ಮನೆಗೆ ಕಳಿಸಿದ.

ಇನ್ನೇನು, ಎಲ್ಲದಕ್ಕೂ ಅರ್ಥ ಹುಟ್ಟತೊಡಗಿತು. ಕೊನೆಯ ಮೂರು ಆಟಕ್ಕೂ ಕಿತ್ತಳೆ ಬಣ್ಣದ ಟೈ ಕಟ್ಟಿದ ಅಪರಿಚಿತನೊಬ್ಬ ಬಂದಿದ್ದ. ಒಂದು ಸಲವೂ ಚಪ್ಪಾಳೆ ತಟ್ಟಿರಲಿಲ್ಲ. ಯಾವಾಗಲೂ ಹಾರುಹೊಡೆದಿರುತ್ತಿದ್ದ ಕೋಚ್ ಕೋಣೆಯ ಬಾಗಿಲು ಈಚೆಗೆ ಮುಚ್ಚಿರುತ್ತದೆ. ಮೊಣಕೈ ಸವೆದ ಕೋಟಿನಲ್ಲೇ ಮೂರು ಚಳಿಗಾಲ ಕಳೆದವನ ಮೈಮೇಲೆ ಹೊಸ ಸೂಟು! ಎಲಾ ಕಳ್ಳ, ನನ್ನ ಪಂಚಾಂಗ ನೋಡಿಸಿಕೊಂಡೇ ನನ್ನ ಮನೆ ಹುಡುಗನನ್ನು ಬೀದಿಗೆ ಹಾಕಿ ಹೋಗ್ತೀಯಾ?

"ಬಾಯಿಬಿಟ್ಟು ಕೇಳಬಾರದೇನ್ರೀ?" ಎಂದಳು ನಿರುಪಮಾ, ಸಂಜೆ ಅಕ್ಕಿ ತೊಳೆಯುತ್ತಾ. "ನಮ್ಮನೇಲಿ ಎಷ್ಟು ಸಲ ಊಟ ಮಾಡಿದಾರೆ. ಸುಳ್ಳು ಹೇಳೋ ಮನುಷ್ಯ ಅಲ್ಲ ಅವರು."

"ನಿನಗೇನೇ ಗೊತ್ತು? ಈ ಕೋಚ್‌ಗಳ ಜಾತೀನೇ ಹಾಗೆ."

ಅವಳಿಗೆ ಇನ್ನೇನನ್ನೂ ಹೇಳದೆ ಅವನು ಒಳಕೋಣೆಗೆ ಹೋಗಿ ಫೋನು ಎತ್ತಿಕೊಂಡ. ಮಂಗಳವಾರ ಯಾವುದೋ ದೊಡ್ಡ ಯೂನಿವರ್ಸಿಟಿಯವರ ಜೊತೆ ಮಾತುಕತೆ ಇರಬೇಕು, ಅದು ಮುರಿದುಬೀಳಲಿ. ಮಂಗಳವಾರದ ರಾಹುಕಾಲ ಮಧ್ಯಾಹ್ನ ಮೂರರಿಂದ ನಾಲ್ಕೂವರೆ. ಅದಕ್ಕೆ ಪಂಚಾಂಗವೂ ಬೇಕಿರಲಿಲ್ಲ.

"ಮೂರು ಗಂಟೆ, ಕೋಚ್. ಅದಕ್ಕಿಂತ ಒಳ್ಳೇ ಹೊತ್ತಿಲ್ಲ."

ಡೋಲನ್‌ಗೆ ಹಳೆಯದು ನೆನಪಿತ್ತು. "ಮಂಗಳವಾರ ಮೂರಕ್ಕೆ ಬಸ್ ಬಿಡಬಾರದು ಅಂತಿದ್ರಲ್ಲ?"

ಜಯತೀರ್ಥನ ಕಿವಿ ಬಿಸಿಯಾಯಿತು. "ಅದು ಪ್ರಯಾಣಕ್ಕೆ. ಮಾತುಕತೆಗೆ ಲೆಕ್ಕ ಬೇರೆ."

"ನೀವು ಹೇಳಿದ ಮೇಲೆ ಮುಗೀತು. ಬೆಳಿಗ್ಗೆ ಹತ್ತಕ್ಕೆ ಅಂತ ಇತ್ತು, ಮೂರಕ್ಕೆ ಹಾಕಿಸ್ತೀನಿ. ಥ್ಯಾಂಕ್ಸ್, ಪ್ರೊಫೆಸರ್."

ಶನಿವಾರ, ಭಾನುವಾರ, ಸೋಮವಾರ ಜಯತೀರ್ಥನಿಗೆ ಊಟ ರುಚಿಸಲಿಲ್ಲ. ಮಂಗಳವಾರ ಮೂರು ಗಂಟೆಗೆ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಿದ್ದವನು ಗಡಿಯಾರ ನೋಡಿದ. ಆಗಲಿ, ಮಗನೇ, ಅನುಭವಿಸು, ಎಂದುಕೊಂಡ. ಹಾಗೆ ಅಂದುಕೊಂಡದ್ದಕ್ಕೆ ಅವನಿಗೇ ಹೇಸಿಗೆಯಾಯಿತು.

ಅಂದು ಸಂಜೆ ಏಳಕ್ಕೆ ಡೋಲನ್ನೇ ಮನೆಗೆ ಬಂದ. ಹೊಸ ಸೂಟಿನಲ್ಲೇ ಇದ್ದ, ಟೈ ಬಿಚ್ಚಿ ಜೇಬಿಗೆ ತುರುಕಿದ್ದ. ನಿರುಪಮಾ ಕಾಫಿ ತಂದಳು. ಸುಬ್ಬು ಎದ್ದು ಕುರ್ಚಿ ಬಿಟ್ಟುಕೊಟ್ಟ.

"ಪೇಪರ್ ನೋಡಿರ್ತೀರಿ. ಆದ್ರೂ ನನ್ನ ಬಾಯಿಂದಲೇ ಹೇಳಬೇಕು ಅಂತ ಬಂದೆ. ನಾನು ಬೇರೆ ಯೂನಿವರ್ಸಿಟಿಗೆ ಹೋಗ್ತಿದ್ದೀನಿ" ಎಂದ ಡೋಲನ್.

ಜಯತೀರ್ಥ ಹೆಂಡತಿಯ ಮುಖ ನೋಡಿದ, ಹೇಳಿರಲಿಲ್ಲವೇ ಎನ್ನುವ ಹಾಗೆ.

"ಆ ಕೆಲಸ ಹತ್ತು ದಿನದ ಹಿಂದೆಯೇ ಗಟ್ಟಿಯಾಗಿತ್ತು. ಸುಬ್ಬು, ಅಲ್ಲಿಗೆ ಕರ್ಕೊಂಡು ಹೋಗೋಷ್ಟು ಆಟ ನಿನ್ನದಲ್ಲ, ಅದು ನಿನಗೂ ಗೊತ್ತು. ಅದಕ್ಕೇ ಹೊರಡೋಕೆ ಮುಂಚೆ ಒಂದು ಕಾಗದ ಮಾಡಿಸಬೇಕಿತ್ತು. ಯಾವ ಕೋಚ್ ಬಂದ್ರೂ ಎರಡು ವರ್ಷ ನಿನ್ನ ಸ್ಕಾಲರ್‌ಶಿಪ್ ತೆಗೀಬಾರದು ಅಂತ. ಡೀನ್ ಒಪ್ಪಿದ್ರು. ಇವತ್ತು ಸಹಿ ಹಾಕೋದು ಅಂತ ಇತ್ತು."

ಜಯತೀರ್ಥ ಕಾಫಿ ಲೋಟವನ್ನು ಕೆಳಗಿಟ್ಟ.

"ಆ ಯೂನಿವರ್ಸಿಟಿಯವರು ಸಂಜೆವರೆಗೂ ಸುದ್ದಿ ಬಿಡಲ್ಲ ಅಂದಿದ್ರು. ಮಧ್ಯಾಹ್ನದ ಪೇಪರಿನಲ್ಲೇ ಬಂದುಬಿಡ್ತು. ನಾನು ಒಳಗೆ ಹೋಗೋ ಹೊತ್ತಿಗೆ ಪೇಪರು ಡೀನ್ ಮೇಜಿನ ಮೇಲಿತ್ತು. ಬಿಟ್ಟು ಹೋಗೋನಿಗೆ ಇಲ್ಲಿ ಮಾತು ಕೊಡೋ ಹಕ್ಕಿಲ್ಲ ಅಂದ್ರು, ಟೈಪ್ ಮಾಡಿದ್ದ ಕಾಗದಾನ ನನ್ನ ಎದುರಿಗೇ ಹರಿದು ಹಾಕಿದ್ರು. ಬೆಳಿಗ್ಗೆ ಹತ್ತಕ್ಕೇ ಹೋಗಿದ್ರೆ ಆಗಿಹೋಗ್ತಿತ್ತು." ಡೋಲನ್ ಜಯತೀರ್ಥನ ಭುಜ ತಟ್ಟಿದ. "ನಿಮ್ಮ ತಪ್ಪಲ್ಲ, ಪ್ರೊಫೆಸರ್. ಮೂರು ಗಂಟೆ ಅಂತ ನೀವು ಒಳ್ಳೇದಕ್ಕೇ ಹೇಳಿದ್ದು."

ನಿರುಪಮಾ ತಟ್ಟನೆ ಗಂಡನ ಕಡೆ ತಿರುಗಿದಳು. "ಮೂರು ಗಂಟೆಗಾ? ಮಂಗಳವಾರ ಮೂರು ಗಂಟೆಗೆ ರಾಹುಕಾಲ ಅಲ್ವೇನ್ರೀ? ನೀವು ಹೇಳಿದ್ರಾ?"

ಸುಬ್ಬುವೂ ನೋಡಿದ. "ಭಾವ?"

ಕನ್ನಡ ಬಾರದ ಡೋಲನ್ ಮೂವರ ಮುಖವನ್ನೂ ನೋಡಿ ನಕ್ಕ. "ಏನು ಕೇಳ್ತಿದ್ದಾರೆ ಅವರು?"

ಮರೆತೆ ಎನ್ನಬಹುದಿತ್ತು. ಲೆಕ್ಕ ತಪ್ಪಿತು ಎಂದರೂ ನಡೆಯುತ್ತಿತ್ತು. ಬಾಯಿಗೆ ಬಂದ ಎರಡು ಸುಳ್ಳನ್ನೂ ಜಯತೀರ್ಥ ನುಂಗಿಕೊಂಡ. ಎಲ್ಲರಿಗೂ ಅರ್ಥವಾಗಲೆಂದು ಇಂಗ್ಲಿಷಿನಲ್ಲೇ ಹೇಳಿದ: "ಅದು ಕೆಟ್ಟ ಹೊತ್ತು. ನನಗೆ ಗೊತ್ತಿತ್ತು. ನಿಮ್ಮ ಕೆಲಸ ಕೆಡಲಿ ಅಂತ ಬೇಕೆಂದೇ ಹೇಳಿದೆ."

ಡೋಲನ್ ಕಾಫಿಯನ್ನು ಅರ್ಧಕ್ಕೇ ಇಟ್ಟು ಎದ್ದ, ನಿರುಪಮಾಳಿಗೆ ತಲೆಬಾಗಿ ನಮಸ್ಕಾರ ಹೇಳಿದ. ಸುಬ್ಬು ಅವನ ಕೋಟು ತಂದುಕೊಟ್ಟು, ತನ್ನ ಜಾಕೆಟ್ಟನ್ನೂ ಹಾಕಿಕೊಂಡು, ಭಾವನ ಕಡೆ ತಿರುಗಿ ಕೂಡ ನೋಡದೆ ಕೋಚ್ ಜೊತೆ ಕಾರಿನ ತನಕ ನಡೆದು ಹೋದ.