ತನಗೆ ತಾನೇ ಸಾಕ್ಷಿಯಾದ ಸಂಖ್ಯೆ

ಕಲ್ಲುಕುಟಿಗನು ಕರಿಕಲ್ಲಿನ ಫಲಕಕ್ಕೆ ನೀರು ಚಿಮುಕಿಸಿದ್ದು ಅಭ್ಯಾಸಬಲದಿಂದ. ಒದ್ದೆಯಾದಲ್ಲದೆ ಕಲ್ಲು ತನ್ನ ಎಳೆಯನ್ನು ತೋರದು. ಬಟ್ಟೆಯಿಂದ ಒಂದು ಕಡೆ ಒರೆಸಿದ ಮೇಲಷ್ಟೇ ಅವನಿಗೆ ತನ್ನ ತಪ್ಪು ಕಂಡಿತು. ಪ್ರಾಧ್ಯಾಪಕಿ ಸೀಮೆಸುಣ್ಣದಲ್ಲಿ ಬರೆದಿಟ್ಟು ಹೋಗಿದ್ದ ಏಳಂಕಿಯ ಸಂಖ್ಯೆಯಲ್ಲಿ ಮೂರನೆಯ ಅಂಕಿ ಅಳಿಸಿಹೋಗಿತ್ತು. ಉಳಿದದ್ದು ಇಷ್ಟೇ: ೫೮, ಒಂದು ಬಿಳಿಯ ಕಲೆ, ಆಮೇಲೆ ೨೩೫೩.

ಅದು ಆಕೆಯ ಗುರುಗಳ ಸ್ಮಾರಕಕ್ಕೆ ಸಲ್ಲಬೇಕಾದ ಫಲಕ. ಒಂದಂಕಿ ತಪ್ಪಿದ್ದಕ್ಕೆ ಹಿಂದಿನ ಕುಟಿಗನ ಕಲ್ಲನ್ನೇ ತಿರಸ್ಕರಿಸಿದ್ದ ಆಕೆ ನಾಲ್ಕು ಗಂಟೆಗೆ ಲಾರಿಯೊಡನೆ ಬರುವವಳಿದ್ದಳು. ಈಗ ರೈಲಿನಲ್ಲಿದ್ದಳು, ಫೋನು ಹತ್ತುತ್ತಿರಲಿಲ್ಲ. ಆ ಅಳತೆಯ ಕಲ್ಲು ಮತ್ತೊಂದಿರಲಿಲ್ಲ.

ನಲವತ್ತು ವರ್ಷ ಗಣಿತ ಕಲಿಸಿ ನಿವೃತ್ತಳಾದ ಅಕ್ಕ ಒಳಗಿನಿಂದ ಬಂದಳು.

"ಕೆಟ್ಟೆ ಅಕ್ಕಾ! ಒಂದಂಕಿ ತಾನೆ, ಅಂದಾಜಿಗೆ ಒಂಬತ್ತು ಕೆತ್ತಿಬಿಡ್ಲಾ?"

"ಕೆತ್ತು, ಕೆತ್ತು. ಆಮೇಲೆ ರಬ್ಬರ್ ತಗೊಂಡು ಕಲ್ಲನ್ನ ಉಜ್ಜುತ್ತಾ ಕೂತ್ಕೋ. ಅವರು ಇದರ ಬಗ್ಗೆ ಏನಾದ್ರೂ ಹೇಳಿದ್ರೇನೋ?"

"ಮೊದಲ ಮೂರಂಕಿ ಒಂದು ಭಾಗ, ಕೊನೇ ನಾಲ್ಕು ಇನ್ನೊಂದು. ಎರಡರ ವರ್ಗ ಮಾಡಿ ಕೂಡಿದ್ರೆ ಮತ್ತೆ ಇದೇ ಸಂಖ್ಯೆ ಬರುತ್ತಂತೆ. ಅರ್ಥ ಆದವನ ಹಾಗೆ ತಲೆ ಆಡಿಸಿದೆ."

"ಹಾಗಾದ್ರೆ ಹಸು ಎಲ್ಲೂ ಹೋಗಿಲ್ಲ ಕಣೋ, ಹಗ್ಗ ನಮ್ಮ ಕೈಲೇ ಇದೆ."

ಅಕ್ಕ ನೆಲದ ಮೇಲೆಯೇ ಕುಳಿತು ಸುಣ್ಣದ ತುಂಡನ್ನು ಹಿಡಿದಳು. ೨೩೫೩ರ ವರ್ಗ ೫೫,೩೬,೬೦೯. ಅದರ ಕೊನೆಯಂಕಿ ಒಂಬತ್ತು. ಮೊತ್ತದ ಕೊನೆಯಂಕಿ ಮೂರಾಗಬೇಕಾದರೆ ಇನ್ನೊಂದು ವರ್ಗವು ನಾಲ್ಕರಲ್ಲಿ ಮುಗಿಯಲೇಬೇಕು. ಹಾಗೆ ಮುಗಿಸಬಲ್ಲ ಅಂಕಿಗಳು ಎರಡೇ: ಎರಡು ಮತ್ತು ಎಂಟು. ಎರಡನ್ನಿಟ್ಟು ನೋಡಿದಳು; ಮೊತ್ತ ೫೮,೭೫,೩೩೩, ಹೊಂದಲಿಲ್ಲ. ಎಂಟನ್ನಿಟ್ಟಳು. ೫೮೮ರ ವರ್ಗ ೩,೪೫,೭೪೪. ಕೂಡಿದಾಗ ೫೮,೮೨,೩೫೩ ಎಂದು ಸಂಖ್ಯೆಯು ತನ್ನ ಪೂರ್ಣರೂಪದಲ್ಲಿ ನೆಲದ ಮೇಲೆ ಪ್ರಕಟವಾಯಿತು.

"ಇನ್ನೊಂದ್ಸಲ ನೋಡ್ಬಾರ್ದಾ?"

"ದೇವರ ಲೆಕ್ಕದಲ್ಲಿ ಚಿತ್ತುಕಾಟು ಇರಲ್ಲ. ಉಳಿ ತಗೋ."

ಅವನು ತೆಗೆದುಕೊಂಡನು. ಉಳಿದ ಆರಂಕಿಗಳನ್ನು ಕೆತ್ತಿ, ಅಳಿಸಿಹೋಗಿದ್ದ ಎಂಟರ ಕೊನೆಯ ತಿರುವನ್ನು ಅವನು ಮುಗಿಸುವ ಹೊತ್ತಿಗೆ ಬಾಗಿಲಲ್ಲಿ ಲಾರಿ ನಿಂತಿತು.

ಪ್ರಾಧ್ಯಾಪಕಿ ಒಂದೊಂದೇ ಅಂಕಿಯ ಮೇಲೆ ಬೆರಳಾಡಿಸಿದಳು. ಆಕೆ ಬಾಯಿ ತೆರೆಯುವ ಮೊದಲೇ ಕುಟಿಗನು ಹೇಳಿಬಿಟ್ಟನು: "ಮೂರನೇದು ನೀವು ಬರೆದಿದ್ದನ್ನ ನೋಡಿ ಕೆತ್ತಿದ್ದಲ್ಲಮ್ಮಾ. ನಾನು ಒರೆಸಿಹಾಕಿದ್ದೆ, ಅಕ್ಕ ಲೆಕ್ಕ ಮಾಡಿ ಹುಡುಕಿಕೊಟ್ಲು."

ಪ್ರಾಧ್ಯಾಪಕಿ ಅಕ್ಕನತ್ತ ತಿರುಗಿದಳು. "ಮೊದಲು ಯಾವುದನ್ನ ಇಟ್ಟು ನೋಡಿದ್ರಿ?"

"ಎರಡು."

"ನಾನೂ ಎರಡೇ ಇಟ್ಟಿದ್ದೆ," ಎಂದು ಆಕೆ ನಕ್ಕಳು. "ಗುರುಗಳು ತರಗತಿಯಲ್ಲಿ ಒಂದಂಕಿ ಒರೆಸಿಯೇ ಈ ಸಂಖ್ಯೆನ ನಮಗೆ ಕೊಡ್ತಿದ್ರು." ಆಮೇಲೆ ಲಾರಿಯವರನ್ನು ಕೂಗಿದಳು: "ಬನ್ರಪ್ಪಾ, ಮೂಲೆ ತಾಗದ ಹಾಗೆ ಎತ್ತಿ."