ಮೆಹರುನಬಿಯ ಹಸಿರು ಬಳೆ

1991ರಲ್ಲಿ ಅಮೆರಿಕದವರು ಕಂಪ್ಯೂಟರ್ ಕೇಬಲ್ಲಿಗೆ ನಿಯಮ ಬರೆಯಲು ಕುಳಿತಾಗ, ಒಳಗಿನ ಎಂಟು ತಂತಿಗಳಲ್ಲಿ ಯಾವ ಬಣ್ಣದ ಪಕ್ಕ ಯಾವುದನ್ನು ಕೂರಿಸಬೇಕೆಂದು ತಿಳಿಯದೆ ಕನಕಗಿರಿಗೆ, ನನ್ನ ಮನೆಗೇ ಫೋನು ಮಾಡಿದ್ದರು. ನನ್ನ ಹೆಂಡತಿ ಮೆಹರುನಬಿ ಕೈ ಚಾಚಿ ಬಳೆಗಳ ಬಣ್ಣ ಓದಿ ಹೇಳಿದಳು. ಎಡಗೈಯದು ಒಂದು ಸಾಲು, ಬಲಗೈಯದು ಇನ್ನೊಂದು. ಅದಕ್ಕೇ ಇವತ್ತಿಗೂ ಲೋಕದಲ್ಲಿ 'ಎ' ಮತ್ತು 'ಬಿ' ಎಂದು ಎರಡು ಸಾಲುಗಳಿವೆ. ಎರಡೂ ಸರಿಯೇ, ಕೇಬಲ್ಲಿನ ಎರಡೂ ತುದಿಗೆ ಒಂದೇ ಇರಬೇಕು, ಅಷ್ಟೆ.

ಯಲಬುರ್ಗಾದ ಕಾಲೇಜೊಂದರ ಹೊಸ ಕಂಪ್ಯೂಟರ್ ಕೋಣೆಗೆ ಕೇಬಲ್ಲು ಹಾಕುತ್ತ ಇದನ್ನೆಲ್ಲ ಅಲ್ಲಿ ಕಂಪ್ಯೂಟರ್ ಕಲಿಸುವ ಸುರೇಖಾ ಮೇಡಂಗೆ ಹೇಳುತ್ತಿದ್ದೆ. ಕೊಪ್ಪಳದಿಂದ ಕುಷ್ಟಗಿಯವರೆಗೆ ನಾನು ಎಳೆದ ಕೇಬಲ್ಲು ಚಂದ್ರನಿಗೆ ಸುತ್ತಿ ಗಂಟು ಹಾಕಿದರೂ ಮಿಗುತ್ತದೆ ಎಂದೆ. ಮೇಡಂ ನಕ್ಕರು. ಮೊದಲೆಲ್ಲ ಸ್ಕೂಟರಿನ ಹಿಂದೆ ಮೆಹರುನಬಿ ಚಾಚಿಯೂ ಬರುತ್ತಿದ್ದರಲ್ಲ ಎಂದು ಕೇಳಿದರು. ರಮಜಾನಿಗೆ ಮೊದಲೇ ತೀರಿಕೊಂಡಳು ಎಂದೆ. ಆಮೇಲೆ ಹಿಡಿದ ಮೊದಲ ಕೆಲಸ ಇದು. ಇದು ಕೆಟ್ಟರೆ ಮತ್ತೆ ಯಾರೂ ನನ್ನನ್ನು ಕರೆಯುವುದಿಲ್ಲ.

ಟೆಸ್ಟರಿನ ದೀಪಗಳು ಒಂದರಿಂದ ಎಂಟರವರೆಗೆ ಸಾಲಾಗಿ ಹತ್ತಬೇಕು. ಮೂರರ ಸರದಿಗೆ ಏಳು ಹತ್ತಿತು. ಟೆಸ್ಟರು ಕೆಟ್ಟಿದೆ ಎಂದೆ. ಮೇಡಂ ಬೇರೆಯದನ್ನು ತಂದರು. ಅದೂ ಕೆಟ್ಟಿದೆ ಎಂದೆ.

ಅವರು ಕೇಬಲ್ಲಿನ ತುದಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. "ಖಾಜಾ ಚಾಚಾ, ಹಸಿರು ಇರಬೇಕಾದಲ್ಲೆ ಬ್ರೌನ್ ಹಾಕೀರಲ್ರಿ."

ಬಣ್ಣವನ್ನು ನನಗೇ ಕಲಿಸುತ್ತೀರಾ ಎಂದು ಚೀಲದಿಂದ ಮೆಹರುನಬಿಯ ಬಳೆ ತೆಗೆದು ಕೊಟ್ಟೆ. ಗಂಗಾವತಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ಹಸಿರು ಬಳೆ ತೊಡಬೇಕೆಂದು ಆಸೆಪಟ್ಟಿದ್ದಳು. ನಾನೊಬ್ಬನೇ ಬಜಾರಿಗೆ ಹೋಗಿ ಆರಿಸಿ ತಂದಿದ್ದೆ. ಬಣ್ಣಗಳ ಬಾದಶಹ ನಾನು, ಅಂಗಡಿಯವನನ್ನು ಕೇಳುವುದೇ?

"ಹಸಿರು ಅಂದ್ರ ಇದು. ಇದಕ್ಕ ಹಚ್ಚಿ ನೋಡ್ರಿ."

ಮೇಡಂ ಬಳೆ ನೋಡಿದರು, ನನ್ನ ಮುಖ ನೋಡಿದರು. "ಚಾಚಾ... ಇದೂ ಬ್ರೌನ್ ಐತಿ."

ಟೆಸ್ಟರನ್ನು ಕೆಳಗಿಟ್ಟೆ.

"ನನಗ ಎರಡೂ ಒಂದ ಕಾಣತಾವ ಬೇಟಿ," ಎಂದೆ. "ಹುಟ್ಟಿದಾಗಿಂದ ಹಂಗ. ಆಕಿ ಬಾಜೂಕ ಕುಂತು ಬಣ್ಣ ಹೇಳತಿದ್ದಳು, ನಾ ಸೇರಸತಿದ್ದೆ. ಅಮೆರಿಕದಿಂದ ಯಾರೂ ಫೋನ್ ಮಾಡಿಲ್ಲ."

ಬಳೆಯನ್ನು ಮರಳಿ ಇಸಿದುಕೊಂಡೆ.

"ಇದನ್ನ ತೊಡಿಸಿದಾಗ ಕೈ ಎತ್ತೆತ್ತಿ ನೋಡಿಕೊಂಡಳು. ಇಂಥಾ ಹಸಿರು ಕನಕಗಿರಿ ಸಂತ್ಯಾಗೂ ಸಿಗಾಂಗಿಲ್ಲ ಅಂದಳು."