ಅಕ್ಷರದ ಪರದೆ

ಅನ್ನಪೂರ್ಣೇಶ್ವರಿ ಕಂಪ್ಯೂಟರನ್ನು ಹಳೆಯ ಸೀರೆಯಲ್ಲಿ ಸುತ್ತಿ ತಂದು ಖಾಜಾಸಾಬನ ರಿಪೇರಿ ಅಂಗಡಿಯ ಕಟ್ಟೆಯ ಮೇಲಿಟ್ಟಳು. ರೋಣದ ಬಸ್ ನಿಲ್ದಾಣದ ಎದುರಿಗಿದ್ದ ಅಂಗಡಿಯ ಬಾಗಿಲು ಇನ್ನೂ ಅರ್ಧವೇ ತೆರೆದಿತ್ತು. ಮೈಮೇಲೆ ಕಂಡಕ್ಟರ್ ಸಮವಸ್ತ್ರ, ಹೆಗಲಲ್ಲಿ ಚರ್ಮದ ಚೀಲ. ಗಜೇಂದ್ರಗಡದ ಬಸ್ಸು ಆಗಲೇ ಹಾರ್ನ್ ಹೊಡೆಯುತ್ತಿತ್ತು.

"ಯಾಕ್ರಿ ಅಕ್ಕಾರ, ಚಾಲೂ ಆಗವಲ್ದೇನು?" ಖಾಜಾಸಾಬ ಕೇಳಿದ.

"ಚಾಲೂ ಆಗೂದ ಭಾಳಾಗೇತಿ. ಇದರಾಗಿನ ಚಿತ್ರ ತಗದ ಬಿಡ್ರಿ. ಅಕ್ಷರ ಅಷ್ಟ ಇರ್ಲಿ."

"ಟಿ.ವಿ. ಒಯ್ದು ರೇಡಿಯೋ ಮಾಡಿ ಕೊಡು ಅಂದಂಗಾತು."

"ನಗಬ್ಯಾಡ್ರಿ. ಮಗಳು ಅಭ್ಯಾಸ ಮಾಡ್ಲಿ ಅಂತ ಕೊಡಿಸಿದ್ದು. ಸಂಜಿ ಆತಂದ್ರ ಕಿವ್ಯಾಗ ವಾಯರ್ ಸಿಗಿಸ್ಕೊಂಡು ಧಾರಾವಾಹಿ ನೋಡ್ತಾಳ. ಪರೀಕ್ಷಾದಾಗ ಕಂಪ್ಯೂಟರ್ ವಿಷಯಾನ ಫೇಲ್ ಅಂದ್ರ ಏನನ್ಬೇಕು? ಕಾಲೇಜಿನ ಪಾಠ ಬರ್ತಾವಂತ, ನೆಟ್ ಒಂದು ಇರ್ಲಿ."

ಖಾಜಾಸಾಬ ಗಡ್ಡ ಕೆರೆದುಕೊಂಡ. "ಆಗ್ತೈತ್ರಿ. ಗುಂಡಿ ಒತ್ತಿದ ಕೂಡ್ಲೆ ಕರೀ ಪರದಿ, ಬಿಳಿ ಅಕ್ಷರ ಬರೂ ಹಂಗ ಮಾಡ್ತೇನಿ. ಚಿತ್ರದ ಪರದಿ ಒಳಗ ಮಲಗಿರ್ತೈತಿ. ಎಬ್ಬಸಬೇಕಂದ್ರ ‘ಚಿತ್ರ’ ಅಂತ ಇಂಗ್ಲಿಷ್ ಅಕ್ಷರದಾಗ ಹೊಡದು ಪಾಸ್‌ವರ್ಡ್ ಹಾಕಬೇಕು. ಪಾಸ್‌ವರ್ಡ್ ನಿಮಗಷ್ಟ ಹೇಳ್ತೇನಿ."

ಅಂದು ಸಂಜೆ ಕಂಪ್ಯೂಟರ್ ಮನೆಗೆ ಬಂತು. ಮಗಳು ಪೂಜಾ ಗುಂಡಿ ಒತ್ತಿದಳು. ಕಪ್ಪು ಪರದೆಯ ಮೇಲೆ ಬಿಳಿ ಸಾಲುಗಳು ದಡದಡನೆ ಮೇಲಕ್ಕೆ ಓಡಿ, ಕೊನೆಗೊಂದು ಸಣ್ಣ ಗೆರೆ ಮಿಣುಕುತ್ತ ನಿಂತಿತು. ಬಣ್ಣವಿಲ್ಲ, ಬಾಣದ ಗುರುತಿಲ್ಲ, ಒತ್ತಲು ಏನೂ ಇಲ್ಲ. ಹುಡುಗಿ ಅಳುತ್ತಾಳೆಂದು ಅನ್ನಪೂರ್ಣೇಶ್ವರಿ ಕಾದಳು. ಅಳಲಿಲ್ಲ. "ಅ... ಅವ್ವಾ, ಇ..." ಎಂದು ಶುರುಮಾಡಿದಳು.

"ಇದ್ಯಾಕ ಹಿಂಗಾತು ಅಂತೀಯೇನು? ನಾನ ಮಾಡ್ಸೀನಿ. ಓದು."

ಪೂಜಾಳ ಮಾತು ಚಿಕ್ಕಂದಿನಿಂದ ಉಗ್ಗುತ್ತಿತ್ತು. ಮೊದಲ ಅಕ್ಷರ ಹೊರಬೀಳುವಷ್ಟರಲ್ಲಿ ಉಳಿದದ್ದನ್ನು ಅವ್ವ ಹೇಳಿ ಮುಗಿಸಿಬಿಡುತ್ತಿದ್ದಳು. ಪ್ರೀತಿಯೇ, ಆದರೆ ಅದರಲ್ಲಿ ಬಸ್ಸಿನ ರೂಢಿಯೂ ಸೇರಿತ್ತು. ತುಂಬಿದ ಬಸ್ಸಿನಲ್ಲಿ ಒಬ್ಬೊಬ್ಬರ ಪೂರ್ತಿ ಮಾತು ಕೇಳುತ್ತ ನಿಂತರೆ ಕೋಟುಮಚಗಿ ದಾಟಿದರೂ ಟಿಕೆಟ್ ಮುಗಿಯದು. ‘ನರೇ’ ಎಂದರೆ ಸಾಕು, ನರೇಗಲ್ಲಿನ ಟಿಕೆಟ್ ಕೈಯಲ್ಲಿರುತ್ತಿತ್ತು.

ಹೊಸ ಪರದೆ ಬಂದದ್ದರಿಂದ ಎಲ್ಲರಿಗಿಂತ ಹೆಚ್ಚು ಖುಷಿಯಾದವಳು ಅತ್ತೆ ಮುದುಕವ್ವ. ಅವಳಿಗೆ ಓದು ಬಾರದು. ಆದರೆ ಅಕ್ಷರವಿದ್ದ ಕಾಗದಕ್ಕೆ ಕಾಲು ತಾಗಿದರೆ, ಅದು ಚುರುಮುರಿ ಕಟ್ಟಿದ್ದೇ ಆಗಲಿ, ಎತ್ತಿ ಕಣ್ಣಿಗೊತ್ತಿಕೊಳ್ಳುವ ಹೆಂಗಸು. ಅಕ್ಷರ ಇದ್ದಲ್ಲಿ ಕೆಟ್ಟದ್ದು ಇರುವುದಿಲ್ಲ ಎಂಬುದು ಆ ಮನೆಯಲ್ಲಿ ಯಾರೂ ಪ್ರಶ್ನೆ ಮಾಡದ ಮಾತು. ಮೊಮ್ಮಗಳು ಕುಳಿತರೆ ಹಾಲಿನ ಲೋಟ ತಂದಿಟ್ಟು, "ಅಕ್ಷರದ ಮುಂದ ಕುಂತೈತಿ ಕೂಸು, ಯಾರೂ ಮಾತಾಡಿಸಬ್ಯಾಡ್ರಿ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಹೋಗುತ್ತಿದ್ದಳು.

ಅನ್ನಪೂರ್ಣೇಶ್ವರಿಯೂ ಕೆಲವು ದಿನ ನಿಶ್ಚಿಂತೆಯಾಗಿದ್ದಳು. ಆಮೇಲೆ ಒಂದು ಸಂಜೆ ಪೂಜಾ ನಕ್ಕದ್ದು ಕೇಳಿಸಿತು.

ಸಣ್ಣ ನಗೆಯಲ್ಲ, ಹೊಟ್ಟೆ ಹಿಡಿದುಕೊಂಡು ನಗುವ ನಗೆ. ಹಿಟ್ಟಿನ ಕೈಯಲ್ಲೇ ಹೋಗಿ ಇಣುಕಿದಳು. ಪರದೆಯ ತುಂಬ ಅಕ್ಷರಗಳು. ಹಿಂದೆ ಆದರೆ ಅಡುಗೆಮನೆಯ ಹೊಸ್ತಿಲಿಂದಲೇ ಬಣ್ಣ ನೋಡಿ ಹೇಳಬಹುದಿತ್ತು, ಇದು ಧಾರಾವಾಹಿ, ಇದು ಹಾಡು, ಇದು ಪಾಠ ಎಂದು. ಈಗ ಎಲ್ಲ ಒಂದೇ ಬಣ್ಣ. ಇನ್ನೊಂದು ಹೆಜ್ಜೆ ಮುಂದಿಟ್ಟದ್ದೇ ತಡ, ಪೂಜಾಳ ಬೆರಳು ಕೀಲಿಗಳ ಮೇಲೆ ಹರಿದಾಡಿತು. ಅಕ್ಷರಗಳೆಲ್ಲ ಒರೆಸಿದ ಹಾಗೆ ಹೋದವು.

"ಏನ ನೋಡಾಕತ್ತಿದ್ದಿ?"

"ಪ್ರೋ... ಪ್ರೋಗ್ರಾಮ್."

"ಪ್ರೋಗ್ರಾಮಿಗೆ ಯಾರರೆ ನಗ್ತಾರೇನ?"

ಪೂಜಾ ಹಾಲಿನ ಲೋಟ ಎತ್ತಿ ಬಾಯಿಗಿಟ್ಟಳು. ಬಾಯಲ್ಲಿ ಹಾಲಿದ್ದರೆ ಉತ್ತರ ಕೊಡಬೇಕಾಗಿಲ್ಲ.

ಅಂದಿನಿಂದ ಅವ್ವನಿಗೆ ಕುಂತಲ್ಲಿ ಸಮಾಧಾನವಿಲ್ಲ, ನಿಂತಲ್ಲಿ ಸಮಾಧಾನವಿಲ್ಲ. ಬಸ್ಸಿನಲ್ಲಿ ಹಿಂದಿನ ಸೀಟಿನ ಹೆಂಗಸರಿಬ್ಬರು ಯಾರದೋ ಮಗಳ ಸುದ್ದಿ ಹೇಳುತ್ತಿದ್ದರು. ಯಾರೆಂದು ತಿಳಿಯದವನ ಜೊತೆ ಫೋನಿನಲ್ಲಿ ಮಾತಾಡುತ್ತ, ಅವನು ಕರೆದಲ್ಲಿಗೆ ಹೋಗಲು ಬಟ್ಟೆ ಕಟ್ಟಿಟ್ಟಿದ್ದಳಂತೆ. ಅನ್ನಪೂರ್ಣೇಶ್ವರಿ ಉಚಿತ ಟಿಕೆಟ್ಟಿಗೆಂದು ಅವರು ತೋರಿಸಿದ ಆಧಾರ್ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಏನ್ರಿ, ನನ್ನ ಫೋಟೋ ಅಷ್ಟ ಚಂದ ಬಂದೈತೇನು?" ಎಂದು ಒಬ್ಬಳು ಕಿಚಾಯಿಸಿದಾಗ ಎಚ್ಚೆತ್ತು ಕಾರ್ಡ್ ಹಿಂದಿರುಗಿಸಿದಳು.

ಮುಂದಿನ ಸೀಟಿನ ಮುದುಕ, "ಪು..." ಎಂದ.

"ಪುರ್ತಗೇರಿ. ತಗೋರಿ."

"ತಡೀಯವ್ವಾ! ಪುಣ್ಯಾಕ ಸೀಟ್ ಸಿಕ್ತು ಅನ್ನಾಂವ ಇದ್ನಿ. ನಾ ಲಕ್ಕಲಕಟ್ಟಿಗೆ ಹೋಗಾಂವ. ನನ್ನ ಮಾತು ನಾನ ಆಡಿದ್ರ ನಿನ್ನ ಬಸ್ಸಿಗೆ ಭಾರ ಆಕ್ಕೈತೇನು?"

ಬಸ್ಸೆಲ್ಲ ನಕ್ಕಿತು. ಅವಳೂ ನಕ್ಕು ಟಿಕೆಟ್ ಬದಲಿಸಿಕೊಟ್ಟಳು. ಆದರೆ ಆ ಮಾತು ಉಗುರಿನ ಸಂದಿಗೆ ಹೊಕ್ಕ ಮುಳ್ಳಿನ ಹಾಗೆ ದಾರಿಯುದ್ದಕ್ಕೂ ಚುಚ್ಚುತ್ತಲೇ ಇತ್ತು.

ರೋಣಕ್ಕೆ ಮರಳಿದವಳೇ ಖಾಜಾಸಾಬನ ಅಂಗಡಿಗೆ ಹೋದಳು. "ಅಕ್ಷರದ ಪರದ್ಯಾಗ ಯಾರ ಕೂಡರೆ ಮಾತಾಡಾಕ ಬರ್ತೈತೇನ್ರಿ?"

"ಬರ್ತೈತ್ರಿ. ಚಿತ್ರ ಬರೂಕಿಂತ ಮೊದ್ಲ ಮಂದಿ ಹಂಗ ಮಾತಾಡ್ತಿದ್ರು."

"ಮತ್ತ ಅವತ್ತ ಯಾಕ ಹೇಳಲಿಲ್ಲ?"

"ನೀವು ಚಿತ್ರ ತಗಿ ಅಂದ್ರಿ, ಮಾತು ತಗಿ ಅನಲಿಲ್ಲ! ಅಕ್ಕಾರ, ನಿಮಗ ಅಷ್ಟ ಚಿಂತಿ ಇದ್ರ ಚಿತ್ರ ಎಬ್ಬಸ್ರಿ. ಧಾರಾವಾಹಿ ನೋಡೂದು ಕಣ್ಣಿಗೆ ಕಾಣ್ತೈತಿ."

ಹೌದು, ಅದೇ ಸರಿ ಎನ್ನಿಸಿತು. ಫೇಲಾದರೆ ಮತ್ತೊಂದು ಪರೀಕ್ಷೆ ಬರೆಯಬಹುದು. ಕಾಣದ ಕಡೆ ನಡೆದುಹೋದ ಮಗಳನ್ನು ಎಲ್ಲಿಂದ ಕರೆತರುವುದು? ಅನ್ನಪೂರ್ಣೇಶ್ವರಿ ಸಮವಸ್ತ್ರ ಕಳಚದೆ ಮನೆಗೆ ನಡೆದಳು, ಓಡಿದಳೆಂದರೂ ಸರಿಯೇ.

ಪೂಜಾ ಪರದೆಯ ಮುಂದೆ ಇದ್ದಳು. ಅವ್ವನ ನೆರಳು ಬಿದ್ದ ಕೂಡಲೇ ಅಕ್ಷರ ಅಳಿಸಿದಳು.

"ಏಳು. ಚಿತ್ರ ಎಬ್ಬಸ್ತೇನಿ. ನೋಡು ನಿನ್ನ ಧಾರಾವಾಹಿ, ಬೇಕಾದಷ್ಟ ನೋಡು."

ಪೂಜಾ ಎರಡೂ ಕೈಯಿಂದ ಕೀಲಿಮಣೆಯನ್ನು ಮುಚ್ಚಿದಳು. "ಬ್ಯಾ... ಬ್ಯಾ..."

"ಬ್ಯಾಡ ಅಂತಿ. ಯಾಕ ಬ್ಯಾಡ? ಯಾರದಾನ ಇದರಾಗ? ಎಲ್ಲಿ ಕರ್ದಾನ ನಿನ್ನ?"

"ಸಣ್ಣ ಕೂಸಿಗೆ ಯಾಕ ಒದರಾಕತ್ತೀ? ಅಕ್ಷರದ ಮುಂದ ಹಂಗ ಒದರಬಾರದು!" ಒಳಗಿನಿಂದ ಮುದುಕವ್ವ ಕೂಗಿದಳು.

"ಅತ್ತೀ, ನಿಮಗ ತಿಳಿಯಂಗಿಲ್ಲ, ಸುಮ್ನಿರ್ರಿ!"

ಪೂಜಾಳ ಕುತ್ತಿಗೆಯ ನರ ಬಿಗಿದಿತ್ತು. ತುಟಿ ಅಲುಗಿತು, ಮಾತು ಬರಲಿಲ್ಲ. ಸಿಟ್ಟಿನಿಂದ ಕೀಲಿ ಒತ್ತಿ, ಅಳಿಸಿದ್ದೆಲ್ಲವನ್ನೂ ಮತ್ತೆ ಪರದೆಗೆ ತಂದು ಕುರ್ಚಿ ಸರಿಸಿದಳು.

ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡ. ಅಲ್ಲಲ್ಲಿ ಇಂಗ್ಲಿಷೂ ಇತ್ತು. ಸಾಲಿಗೊಂದು ವಿಚಿತ್ರ ಹೆಸರು. ಯಾರೋ ಒಬ್ಬರು ತಮ್ಮ ಪ್ರೋಗ್ರಾಮ್ ನಡೆಯುತ್ತಿಲ್ಲ ಎಂದು ಕೇಳಿದ್ದರು. ಅದಕ್ಕೆ ಪೂಜಾಳ ಉತ್ತರವಿತ್ತು. ಎಲ್ಲಿ ತಪ್ಪಿದೆ, ಯಾಕೆ ತಪ್ಪಿದೆ, ತಾನೂ ಮೊದಲು ಹೇಗೆ ಎಡವಿದ್ದೆ ಎಂಬುದೆಲ್ಲ ಉದ್ದಕ್ಕೆ ಹರಿದಿತ್ತು. ನಡುವೆ ಒಂದು ಚಾಷ್ಟಿ. ಆ ಚಾಷ್ಟಿಗೆ ಅಲ್ಲಿದ್ದವರೆಲ್ಲ ನಕ್ಕಿದ್ದರು. ಅನ್ನಪೂರ್ಣೇಶ್ವರಿ ಬೆರಳಿಟ್ಟು ಓದಿದಳು. ಮಗಳ ಇಷ್ಟು ಉದ್ದದ ಒಂದು ಮಾತನ್ನು ಅವಳು ಈವರೆಗೆ ಕೇಳಿರಲಿಲ್ಲ.

"ಇವ್ರೆಲ್ಲ ಯಾರು?"

"ಗೊ... ಗೊ..."

ಗೊತ್ತಿಲ್ಲ ಎಂಬ ಮಾತು ಅವ್ವನ ನಾಲಿಗೆಯ ತುದಿಗೆ ಬಂದಿತ್ತು. ಸೆರಗಿಲ್ಲದ ಸಮವಸ್ತ್ರದ ಅಂಚನ್ನೇ ಮುಷ್ಟಿಯಲ್ಲಿ ಹಿಡಿದು ನಿಂತಳು. ಗೋಡೆ ನೋಡಿದಳು, ನೆಲ ನೋಡಿದಳು. ಇಷ್ಟು ಹೊತ್ತು ಬೇಕೇ ಒಂದು ಮಾತಿಗೆ?

"ಗೊತ್ತಿಲ್ಲ," ಎಂದಳು ಪೂಜಾ. ಅವ್ವ ಇನ್ನೂ ಸುಮ್ಮನಿದ್ದದ್ದನ್ನು ಕಂಡು ಅಚ್ಚರಿಯಿಂದ ಮುಂದುವರಿಸಿದಳು. "ಅ... ಅವ್ರಿಗೂ ನಾ ಯಾರಂತ ಗೊತ್ತಿಲ್ಲ. ಹು... ಹುಡುಗಿ ಅಂತಾನೂ. ಅಲ್ಲಿ ನಾ ಬ... ಬರದು ಮುಗಸೂತನಾ ಎಲ್ಲಾರೂ ಕಾಯ್ತಾರವ್ವಾ."

ಅವಳ ದನಿಯಲ್ಲಿ ದೂರಿರಲಿಲ್ಲ. ಅನ್ನಪೂರ್ಣೇಶ್ವರಿ ಮಂಚದ ಅಂಚಿಗೆ ಕುಳಿತಳು. ಹೆದರಿಕೆ ಹೋಗಿರಲಿಲ್ಲ. ಮುಖವಿಲ್ಲದ ಮಂದಿ, ಊರಿಲ್ಲದ ಹೆಸರುಗಳು. ಬಸ್ಸಿಗೆ ಹತ್ತಿದವರ ಮುಖ ನೋಡಿ ಇವನು ಟಿಕೆಟ್ ತಪ್ಪಿಸುವವನು ಎಂದು ಹೇಳಬಲ್ಲ ಅವಳಿಗೆ ಇಲ್ಲಿ ನೋಡಲು ಏನೂ ಇರಲಿಲ್ಲ.

"ಯಾರರೆ ಊರ ಯಾವುದು ಅಂದ್ರ, ಫೋಟೋ ಕಳಸು ಅಂದ್ರ, ಒಬ್ಬಾಕೀನ ಬಾ ಅಂದ್ರ, ಮೊದ್ಲ ನನಗ ಹೇಳ್ಬೇಕು."

"ಹ್ಞೂಂ."

"ನಾ ಬಂದ್ರ ಅಳಿಸಬಾರದು."

ಪೂಜಾ ತನ್ನದೂ ಒಂದು ಕರಾರು ಸೇರಿಸಿದಳು. "ನೀ ಓ... ಓದಬಾರದು. ಕೇ... ಕೇಳು."

ಕೇಳುವುದೆಂದರೆ ಕಾಯುವುದು. ಆ ಕರಾರಿನ ಭಾರ ಅವ್ವನಿಗೆ ತಿಳಿಯಿತು. ಹೂಂ ಅನ್ನಲು ಅವಳಿಗೇ ಮಗಳಷ್ಟು ಹೊತ್ತು ಹಿಡಿಯಿತು. ಹೂಂ ಅಂದ ಮೇಲೆ ಪಾಸ್‌ವರ್ಡನ್ನೂ ಹೇಳಿಬಿಟ್ಟಳು. "ಚಿತ್ರ ಬೇಕಾದ್ರ ಎಬ್ಬಿಸ್ಕೋ. ನಿನಗ ಬಿಟ್ಟಿದ್ದು."

ಪೂಜಾ ಎಬ್ಬಿಸಲಿಲ್ಲ.

ಮರುದಿನ ಸಂಜೆ ಅನ್ನಪೂರ್ಣೇಶ್ವರಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಡಸಾಲೆಯಿಂದ ಕೀಲಿಗಳ ಸದ್ದು ಮಳೆಹನಿಯಂತೆ ಬರುತ್ತಿತ್ತು. ಅದಿದ್ದಷ್ಟು ಹೊತ್ತು ಕೈ ನಡೆಯುತ್ತಿತ್ತು. ಸದ್ದು ಫಕ್ಕನೆ ನಿಂತಿತು. ಅವಳ ಕೈಯೂ ನಿಂತಿತು. ಎದ್ದು ಹೋಗಿ ನೋಡಬೇಕೆಂದು ಮೊಣಕಾಲು ತಾನಾಗಿ ನೆಟ್ಟಗಾಯಿತು. ಮತ್ತೆ ಮಡಚಿದಳು.

ಪೂಜಾ ಬಂದು ಬಾಗಿಲಲ್ಲಿ ನಿಂತಳು. "ಅವ್ವಾ, ಒ... ಒಬ್ಬರು..."

ಹಂಚಿನ ಮೇಲೆ ರೊಟ್ಟಿ ಉಬ್ಬಿತು. ಒಬ್ಬರು ಏನು? ಫೋಟೋ ಕೇಳಿದರೇ? ಬಾ ಎಂದರೇ? ಅನ್ನಪೂರ್ಣೇಶ್ವರಿ ತುಟಿ ಕಚ್ಚಿ ಮಗಳ ಮುಖವನ್ನೇ ನೋಡಿದಳು.

"ಒಬ್ಬರು ನಮ್ಮ ಊ... ಊ..."

ರೊಟ್ಟಿಯ ಅಂಚು ಕಪ್ಪಾಗಿ ಹೊಗೆ ಎದ್ದಿತು. "ಅಯ್ಯ, ಹೊತ್ತಾಕತ್ತೈತಿ, ಮೂಗ ಮುಚ್ಚೈತೇನ ನಿಂದು?" ಎಂದು ಮುದುಕವ್ವ ಹಿತ್ತಲಿನಿಂದ ಒದರಿದಳು. ಅನ್ನಪೂರ್ಣೇಶ್ವರಿ ಕೈ ಚಾಚಲಿಲ್ಲ.

"ಊರ ಯಾವುದು ಅಂತ ಕೇ... ಕೇಳಾಕತ್ತಾರ. ಏನ ಹೇಳ್ಲಿ?"